ನದಿ ದಂಡೆಯ ಹಾಲ್‌ಗೆ ಮೆತ್ತಿದ ಸಿಮೆಂಟು

ಸಿಮೆಂಟು ಕಂಡರೆ ನನಗೆ ಮೈ ಉರಿಯುತ್ತದೆ. ಹೊಸ ಮನೆಗೆ ಎಷ್ಟು ಬೇಕಾದರೂ ಸುರಿದುಕೊಳ್ಳಿ, ಹಳೆಯ ಕಲ್ಲಿನ ಗೋಡೆಗೆ ಮೆತ್ತಿದರೆ ಮಾತ್ರ ಸುಮ್ಮನಿರಲಾರೆ. ಮೈಸೂರಿನಲ್ಲಿ ಹಲವು ವರ್ಷ ಹಳೆಯ ಕಟ್ಟಡಗಳ ದುರಸ್ತಿ ಮಾಡಿಸಿದ ಎಂಜಿನಿಯರ್ ನಾನು. ಗಂಡನಿಗೆ ನೈರೋಬಿಯ ಔಷಧ ಕಾರ್ಖಾನೆಯಲ್ಲಿ ಕೆಲಸವಾಗಿ ಅಲ್ಲಿನ ಹೈರಿಡ್ಜ್ ಬಡಾವಣೆಗೆ ಬಂದು ಕೂತಾಗ, ಇನ್ನು ಇವಳ ವಿದ್ಯೆಗೆ ತುಕ್ಕು ಹಿಡಿಯಿತೆಂದು ಎಲ್ಲರೂ ಅಂದುಕೊಂಡರು. ನಾನು ಅಂದುಕೊಳ್ಳಲಿಲ್ಲ.

ಯುಗಾದಿ ಊಟಕ್ಕೆ ನಾವು ಕನ್ನಡದವರು ಬಾಡಿಗೆ ಹಿಡಿಯುವುದು ನದಿ ದಂಡೆಯ ಒಂದು ಚರ್ಚಿನ ಹಾಲ್. ಚರ್ಚು, ಹಾಲ್, ಪಾದ್ರಿಯ ಮನೆ ಮೂರನ್ನೂ ಇಂಗ್ಲಿಷರು ತಮ್ಮೂರಿನ ಹೊಳೆದಂಡೆಯ ಹಳ್ಳಿಯನ್ನು ನೆನೆಸಿಕೊಂಡೇ ಕಟ್ಟಿಸಿದ್ದು. ಚೂಪು ಕಮಾನಿನ ಕಿಟಕಿಗಳು, ಗೇಟಿಗೂ ಒಂದು ಪುಟ್ಟ ಹೆಂಚಿನ ಮಾಡು. ಹಿಮವೇ ಬೀಳದ ಊರಿನಲ್ಲಿ ಹಿಮ ಜಾರಲೆಂದು ಅಷ್ಟು ಕಡಿದಾದ ಸೂರು! ಕಲ್ಲು ಕೆತ್ತಿದವರು ಮಾತ್ರ ಗುಜರಾತಿನಿಂದ ಹಡಗು ಹತ್ತಿ ಬಂದವರಂತೆ. ಕೆಲಸ ಎಷ್ಟು ಅಚ್ಚುಕಟ್ಟೆಂದರೆ, ನೋಡಿದಾಗಲೆಲ್ಲ ನನಗೇ ಹೆಮ್ಮೆ.

ಹೋದ ಯುಗಾದಿಗೆ ಬೇವು ಬೆಲ್ಲ ಹಂಚುತ್ತಿದ್ದಾಗ ಗೋಡೆಯ ಸಿಮೆಂಟ್ ಗಿಲಾವು ಹಪ್ಪಳದಷ್ಟಗಲ ಕಳಚಿ ಕೋಸಂಬರಿ ಪಾತ್ರೆಯ ಪಕ್ಕಕ್ಕೇ ಬಿತ್ತು.

"ಹುಷಾರಾಗಿ ಕೂತ್ಕೊಳ್ರಪ್ಪ, ಬಿಲ್ಡಿಂಗ್‌ದು ಎಕ್ಸ್‌ಪೈರಿ ಡೇಟ್ ಆಗೋಗಿದೆ," ಎಂದ ನನ್ನ ಗಂಡ. ಔಷಧದವರಿಗೆ ಹೊಳೆಯುವುದೇ ಅಷ್ಟು. ಎಲ್ಲರೂ ನಕ್ಕರು. ನಾನು ಎದ್ದುಹೋಗಿ ಗೋಡೆ ಮುಟ್ಟಿದೆ. ಒದ್ದೆ.

"ಲೇ, ಎಲೆ ಮುಂದಿಂದ ಎದ್ದೋದ್ಯಲ್ಲೇ!"

"ನೀವು ಒಬ್ಬಟ್ಟು ತಿನ್ರೀ ಸುಮ್ನೆ."

ಹಾಲ್ ನೋಡಿಕೊಳ್ಳುವವರು ಒಬ್ಬ ವೃದ್ಧೆ. ಎಲ್ಲರಂತೆ ನಾನೂ ಅವರನ್ನು ಶೋಶೋ, ಅಂದರೆ ಅಜ್ಜಿ, ಎಂದು ಕರೆಯುತ್ತೇನೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. "ಇದನ್ನು ಕೆಡವುತ್ತಾರೆ," ಎಂದರು. ಗೋಡೆ ಒಳಗೊಳಗೇ ಪುಡಿಯಾಗುತ್ತಿದೆ, ಹೊಸದೇ ಕಟ್ಟೋಣ ಎಂದು ಚರ್ಚಿನ ಸಮಿತಿ ಹೊರಟಿತ್ತು. ಭಾನುವಾರದ ಸಭೆ ಒಪ್ಪಿದರೆ ಮುಗಿಯಿತು.

"ನನ್ನಮ್ಮ ಇಂಗ್ಲಿಷರ ಮನೆಯ ಆಯಾ," ಎಂದರು ಶೋಶೋ. "ಅವರ ಮಕ್ಕಳು ಒಳಗೆ ಕೇಕ್ ತಿನ್ನುವಾಗ ನಾನು ಈ ಮೆಟ್ಟಿಲ ಮೇಲೆ ಕೂತಿರಬೇಕಿತ್ತು. ಒಳಗೆ ಕಾಲಿಡುವ ಹಾಗಿರಲಿಲ್ಲ. ಆಮೇಲೆ ದೇಶ ನಮ್ಮದಾಯಿತು. ನನ್ನ ಮದುವೆಯ ಊಟ ಇಲ್ಲೇ ಆಯಿತು. ನಾವು ಒಳಗೆ ಬಂದದ್ದು ಇದನ್ನು ಕೆಡವುವುದಕ್ಕಾ?"

ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ನಾಳೆ ಬೆಳಿಗ್ಗೆ ಬಂದು ನೋಡುತ್ತೇನೆ ಎಂದೆ.

ಮರುದಿನ ಇಬ್ಬರೂ ಸೇರಿ ಮೂಲೆಯ ದೊಡ್ಡ ಬೀರುವನ್ನು ಸರಿಸಿದೆವು. ಅದರ ಹಿಂದೆ ಸಿಮೆಂಟು ಮೆತ್ತಿರಲಿಲ್ಲ. ಹಳೆಯ ಸುಣ್ಣದ ಗಾರೆ ಹಾಗೇ ಇತ್ತು, ಕಲ್ಲು ಗಟ್ಟಿಮುಟ್ಟಾಗಿ ಒಣಗಿತ್ತು. ಉಳಿದ ಕಡೆ ಸಿಮೆಂಟು ಕಿತ್ತರೆ ಕಲ್ಲು ಹಿಟ್ಟಿನಂತೆ ಉದುರುತ್ತಿತ್ತು. ನದಿ ದಂಡೆಯ ಗೋಡೆ ನೆಲದ ತೇವ ಹೀರಿಯೇ ಹೀರುತ್ತದೆ. ಸುಣ್ಣದ ಗಾರೆಯಾದರೆ ಅದು ಬಿಸಿಲಿಗೆ ಆರಿಹೋಗುತ್ತದೆ, ಸಿಮೆಂಟು ಆರಲು ಬಿಡುವುದಿಲ್ಲ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಾಗೆ.

"ಯಾವ ಪುಣ್ಯಾತ್ಮ ಮಾಡಿಸಿದ್ದು ಇದನ್ನ? ಅವನೇ ಈ ಗೋಡೆಯನ್ನು ಕೊಂದದ್ದು," ಎಂದು ಜೋರಾಗಿಯೇ ಬೈದೆ.

"ನಾನು," ಎಂದರು ಶೋಶೋ.

ಆ ಚರ್ಚಿನಲ್ಲೊಂದು ಪದ್ಧತಿ. ಯಾರಾದರೂ ತೀರಿಕೊಂಡರೆ ಅವರ ಹೆಸರಿನಲ್ಲಿ ಮನೆಯವರು ಕಟ್ಟಡಕ್ಕೆ ಏನಾದರೂ ಮಾಡಿಸುತ್ತಾರೆ. ಒಬ್ಬರು ಬೆಂಚು, ಇನ್ನೊಬ್ಬರು ಕಿಟಕಿಯ ಗಾಜು. ಗಂಡ ಹೋದಾಗ ಶೋಶೋ ಇಡೀ ಹಾಲ್‌ಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು, ಅವರ ಹೆಸರು ಶಾಶ್ವತವಾಗಿರಲಿ ಎಂದು. ಅಂಥ ಕೊಡುಗೆಯನ್ನು ಮನೆಯವರು ಹೇಳದೆ ಯಾರೂ ಮುಟ್ಟುವಂತಿಲ್ಲ. ಹಾಲ್ ಕೆಡವಲು ಬಿಟ್ಟರೆ ಹೊಸ ಕಟ್ಟಡಕ್ಕೆ ಆ ಹೆಸರನ್ನೇ ಇಡುತ್ತೇವೆಂದು ಸಮಿತಿಯವರು ಆಗಲೇ ಮಾತು ಕೊಟ್ಟಿದ್ದರಂತೆ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರೆ ಯಾವ ಗೋಡೆಯೂ ಉಳಿಯುವುದಿಲ್ಲ. ಅವರ ಕೈ ಹಿಡಿದುಕೊಂಡು ಕಡ್ಡಿ ಮುರಿದಂತೆ ಹೇಳಿದೆ. "ಇದನ್ನು ಪೂರ್ತಿ ಕೆತ್ತಿ ತೆಗೆಸಬೇಕು, ಶೋಶೋ. ಒಂದು ಚೂರೂ ಬಿಡುವ ಹಾಗಿಲ್ಲ. ತೆಗೆಸಿದರೆ ಹಾಲ್ ಉಳಿಯುತ್ತದೆ, ಅದಕ್ಕೆ ನಾನು ಜವಾಬ್ದಾರಿ."

ಅವರು ಕೈ ಬಿಡಿಸಿಕೊಂಡು ಬಾಗಿಲಿಗೆ ಬೀಗ ಹಾಕಲು ಹೊರಟರು. ಶನಿವಾರ ಕಳೆದರೂ ಅವರ ಫೋನ್ ಬರಲಿಲ್ಲ. "ಮುದುಕಿ ಮನಸ್ಸು ನೋಯಿಸ್ಬಿಟ್ಯಲ್ಲ ಮಾರಾಯ್ತಿ," ಎಂದ ಗಂಡ. ನೋಯಿಸಿದ್ದೆ, ಸುಳ್ಳು ಹೇಳಿರಲಿಲ್ಲ.

ಭಾನುವಾರ ಆ ಹಾಲ್‌ನಲ್ಲೇ ನಡೆದ ಸಭೆಯಲ್ಲಿ ನಾನು ಸಮಿತಿಯ ಅಧ್ಯಕ್ಷರ ಅನುಮತಿ ಕೇಳಿ ಎದ್ದುನಿಂತು ಎರಡೂ ಕಡೆಯ ಕಲ್ಲನ್ನು ಮೇಜಿನ ಮೇಲಿಟ್ಟೆ, ಗಟ್ಟಿಯದನ್ನೂ ಪುಡಿಯಾದದ್ದನ್ನೂ. ಸುಣ್ಣ ಹೇಗೆ ಕಲಸಬೇಕೆಂದೂ ಹೇಳಿದೆ. ಯಾರೂ ಎದುರಾಡಲಿಲ್ಲ. ಅಧ್ಯಕ್ಷರು ಮಾತ್ರ ಶೋಶೋ ಕಡೆ ನೋಡಿ, "ಅದು ನಿಮ್ಮವರ ನೆನಪು. ನಾವು ಹೇಗೆ ಮುಟ್ಟೋಣ?" ಎಂದರು.

ಶೋಶೋ ಎದ್ದರು. ನಾನು ಕಲ್ಲು ತೆಗೆಯಲು ತಂದಿದ್ದ ಸುತ್ತಿಗೆ, ಉಳಿಗಳನ್ನು ಮೇಜಿನಿಂದ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಅಲ್ಲಿ, ಎದೆಯೆತ್ತರದಲ್ಲಿ, ಹಸಿ ಸಿಮೆಂಟಿನಲ್ಲಿ ಕೊರೆಸಿದ್ದ ಗಂಡನ ಹೆಸರಿತ್ತು. ಒಮ್ಮೆ ಅದನ್ನು ಅಂಗೈಯಿಂದ ಸವರಿದರು.

"ಇಲ್ಲಿಂದಲೇ ಶುರು ಮಾಡಬೇಕು," ಎಂದರು. "ಇಲ್ಲದಿದ್ದರೆ ಇದೊಂದನ್ನು ಉಳಿಸಿಬಿಡುತ್ತೇನೆ."

ಮೊದಲ ಅಕ್ಷರದ ಮೇಲೆ ಉಳಿ ಇಟ್ಟು ಹೊಡೆದರು.