ಕಾಯಿಹಾಲಿನ ಗುಳ್ಳೆಗಳ ಬೆನ್ನು ಹತ್ತಿ ದಂಡಿನಶಿವರಕ್ಕೆ

ಅಮ್ಮಸಂದ್ರದ ಸ್ಟೇಷನ್ನು ಕಿಟಕಿಯಾಚೆ ಬಂತು, ಹೋಯಿತು. ನಾನು ತಲುಪಬೇಕಿದ್ದ ಕಾಯಿಹಾಲಿನ ಕಾರ್ಖಾನೆ ಅಲ್ಲಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಆದರೆ ನಾನು ಹತ್ತಿದ್ದ ರೈಲು ಅಲ್ಲಿ ನಿಲ್ಲುವುದಿಲ್ಲ. ತಿಪಟೂರಿನವರೆಗೆ ಹೋಗಿ ಇಳಿದು, ಬಸ್ಸಿನಲ್ಲಿ ತುರುವೇಕೆರೆಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ದಂಡಿನಶಿವರಕ್ಕೆ ವಾಪಸು ಬರಬೇಕು. ಹೆಂಗಸರಿಗೆ ಟಿಕೆಟ್ ಉಚಿತ, ಸೀಟು ಮಾತ್ರ ಯಾರಿಗೂ ಇಲ್ಲ. ಕೊಬ್ಬರಿ ಚೀಲಗಳ ನಡುವೆ ಒಂಟಿಕಾಲಿನಲ್ಲಿ ನಿಂತು, ಬೆಂಗಳೂರಿನ ನಮ್ಮ ಆಫೀಸಿನವರನ್ನು ಮನಸಾರೆ ಬೈದುಕೊಂಡೆ. ನಾನು ಮೀಟರ್ ಕಂಪನಿಯೊಂದರ ಸರ್ವೀಸ್ ಇಂಜಿನಿಯರ್. ‘ಸಣ್ಣ ಕೆಲಸ, ಸಂಜೆಗೆ ವಾಪಸು ಬರ್ತೀರಿ’ ಎಂದು ಹೇಳಿ ಕಳಿಸಿದ್ದರು.

ಕಾರ್ಖಾನೆಯ ಗೇಟಿನಲ್ಲಿ ಜಗಳ ನಡೆಯುತ್ತಿತ್ತು. ಒಳಗೆ ಯಜಮಾನ ಚನ್ನಬಸಪ್ಪ, ಅರವತ್ತು ದಾಟಿದ ಗಟ್ಟಿ ಆಳು. ಹೊರಗೆ ರಸ್ತೆಯ ಮೋರಿಯ ಮೇಲೆ ತಲೆ ತಗ್ಗಿಸಿ ಕೂತಿದ್ದವನು ಪಂಪು ನಡೆಸುವ ಲೋಕೇಶ. ಮಧ್ಯೆ ನಿಂತು ಕೂಗುತ್ತಿದ್ದವಳು ಅವನ ಹೆಂಡತಿ ಸಾವಿತ್ರಿ. ಅವಳೂ ಅಲ್ಲೇ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸದವಳು.

“ಬನ್ನಿ ಮೇಡಮ್ಮೋರೆ,” ಅಂದರು ಚನ್ನಬಸಪ್ಪ. “ತೊಟ್ಟಿಯಿಂದ ಹೋಗೋ ಹಾಲೇ ಒಂದು, ನಿಮ್ಮ ಮೀಟ್ರು ತೋರ್ಸೋದೇ ಒಂದು. ದಿನಾ ಕಮ್ಮಿ. ನಡುವೆ ಇರೋನು ಇವ್ನೊಬ್ನೇ. ಮೀಟ್ರು ಸರಿಯಿದೆ ಅಂತ ನೀವೊಂದು ಮಾತು ಹೇಳ್ಬುಡಿ, ನಾಳೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ.”

ಹಿಂಡಿದ ಹಾಲು ಬೀಳುವ ಸ್ಟೀಲ್ ತೊಟ್ಟಿ ತೂಕದ ಯಂತ್ರದ ಮೇಲೆ ನಿಂತಿತ್ತು. ಅಲ್ಲಿಂದ ಪಂಪು, ಪಂಪಿನಿಂದ ಗೋಡೆಯಾಚೆಯ ಪ್ಯಾಕಿಂಗ್ ಕೋಣೆಗೆ ಪೈಪು, ಕೋಣೆಯ ಬಾಗಿಲಲ್ಲೇ ನಮ್ಮ ಮೀಟರು. ಅದರೊಳಗೆ ಬಗ್ಗಿಸಿದ ಎರಡು ಕೊಳವೆಗಳು ಸದಾ ಕಂಪಿಸುತ್ತಿರುತ್ತವೆ. ಒಳಗೆ ಹರಿಯುವ ಹಾಲು ಆ ಕಂಪನವನ್ನು ತುಸು ತಿರುಚುತ್ತದೆ. ತಿರುಚಿದ್ದು ಎಷ್ಟೆಂದು ಅಳೆದರೆ ಹರಿದ ತೂಕ ಗೊತ್ತಾಗುತ್ತದೆ. ಒಳ್ಳೆಯ ಮೀಟರು, ಆದರೆ ಬಲು ಸೂಕ್ಷ್ಮ.

ಪಂಪಿನವನನ್ನು ಹೊರಗೆ ಹಾಕಿದ್ದರಿಂದ ಅಂದು ಹಾಲು ಹಿಂಡಿರಲಿಲ್ಲ. ತೊಟ್ಟಿಗೆ ಬರೀ ನೀರು ತುಂಬಿಸಿ ಹರಿಸಿದೆ. ತೊಟ್ಟಿಯಲ್ಲಿ ಇಳಿದ ತೂಕಕ್ಕೂ ಮೀಟರಿನ ಅಂಕಿಗೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ.

“ನೋಡಿದ್ರಾ!” ಚನ್ನಬಸಪ್ಪ ತೊಡೆ ತಟ್ಟಿದರು. “ಮೀಟ್ರು ಸರಿಯಿದೆ. ಅಂದ್ಮೇಲೆ ಕದ್ದಿರೋದು ಲೋಕೇಶ್ನೇ.”

“ಯಜಮಾನ್ರೇ, ಇದು ನೀರು. ಹಾಲಲ್ಲಿ ಗಾಳಿ ಸೇರಿದ್ರೆ ಮೀಟರ್ ತಪ್ಪು ತೋರಿಸುತ್ತೆ.”

“ಈಗ ತಾನೇ ಸರಿಯಿದೆ ಅಂದ್ರಲ್ಲ?”

“ನೀರಿಗೆ ಸರಿಯಿದೆ.”

“ಹಾಲಿಗೆ ಸುಳ್ಳು ಹೇಳಿ, ನೀರಿಗೆ ನಿಜ ಹೇಳೋ ಮೀಟ್ರು ಯಾವೂರಿಂದು ತಾಯೀ?”

ಗುಳ್ಳೆ ಮತ್ತು ಹಾಲು ಕೊಳವೆಯೊಳಗೆ ಜೊತೆಯಾಗಿ ಅಲುಗುವುದಿಲ್ಲ, ಒಂದು ಮುಂದೆ ಜಾರಿದರೆ ಇನ್ನೊಂದು ಹಿಂದೆ ಉಳಿಯುತ್ತದೆ, ಹಾಗಾಗಿ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ ಎಂದು ವಿವರಿಸಿದೆ. ಲೋಟದಲ್ಲಿ ಮಜ್ಜಿಗೆ ಕುಲುಕಿ, ಎದ್ದ ಗುಳ್ಳೆ ತೋರಿಸಿದೆ. ಅವರು ಮಜ್ಜಿಗೆಯನ್ನು ಕುಡಿದು, ಉಪ್ಪು ಕಡಿಮೆಯಾಯಿತು ಎಂದರು. ಗೇಟಿನ ಬಳಿ ಸಾವಿತ್ರಿ ನನ್ನ ಕೈ ಹಿಡಿದಳು. “ಅಕ್ಕಾ, ನಿಮ್ಮ ಮಾತಿಂದ ನಮ್ಮೋರ್ಗೆ ಇನ್ನೂ ಕಷ್ಟ ಆಯ್ತು ಕಣ್ರೀ.” ಅವಳು ಹೇಳಿದ್ದು ನಿಜವೇ. ಅಳತೆ ಸರಿಯಾಗಿ ಬಂದು, ಅದರಿಂದಲೇ ಒಬ್ಬ ಮನುಷ್ಯನ ಕೊರಳಿಗೆ ಉರುಳು ಬಿಗಿದದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ನಾಳೆ ಹಾಲು ಹಿಂಡಿಸಿ, ನಾನು ಪರೀಕ್ಷೆ ಮುಗಿಸುವವರೆಗೆ ಸ್ಟೇಷನ್ನಿನ ಮಾತೆತ್ತಬೇಡಿ ಎಂದು ಚನ್ನಬಸಪ್ಪನವರನ್ನು ಒಪ್ಪಿಸುವಷ್ಟರಲ್ಲಿ ಗಂಟಲು ಒಣಗಿತ್ತು.

ತುರುವೇಕೆರೆಯ ಲಾಡ್ಜಿನಲ್ಲಿ ಫ್ಯಾನು ಸದ್ದು ಮಾಡಿತೇ ಹೊರತು ಗಾಳಿ ಕೊಡಲಿಲ್ಲ. ಎದುರಿನ ಹೋಟೆಲಿನ ರಾಗಿಮುದ್ದೆ, ಹುರುಳಿಕಾಳಿನ ಸಾರು ಮಾತ್ರ ಆ ದಿನದ ಮೇಲಿದ್ದ ಸಿಟ್ಟನ್ನು ಕೊಂಚ ಇಳಿಸಿದವು.

ಮರುದಿನ ಬೆಳಗ್ಗೆ ಹಾಲು ಹಿಂಡಿದರು. ಲೋಕೇಶ ಅಂದೂ ಗೇಟಿನಾಚೆ ಮೋರಿಯ ಮೇಲೇ ಕೂತಿದ್ದ, ಹಾಗಾಗಿ ಪಂಪು ನಾನೇ ನಡೆಸುತ್ತೇನೆಂದೆ. ಪ್ಯಾಕಿಂಗ್ ಕೋಣೆಯಲ್ಲಿ ತೊಳೆದ ಡ್ರಮ್ಮುಗಳನ್ನು ಇಡಿಸಿ, ಮೀಟರು ದಾಟಿ ಬರುವ ಹಾಲನ್ನೆಲ್ಲ ಅವಕ್ಕೇ ತುಂಬಿಸಿ ತೂಗಬೇಕೆಂದೆ. ಹಾಲು ಹುಳಿ ಬರುತ್ತದೆ, ಡ್ರಮ್ಮು ಸಾಲದು, ಇವತ್ತು ಮಂಗಳವಾರ ಎಂದು ಚನ್ನಬಸಪ್ಪ ನೂರು ನೆಪ ತೆಗೆದರು. ಮಂಗಳವಾರಕ್ಕೂ ತೂಕಕ್ಕೂ ಏನು ಸಂಬಂಧ ಎಂದು ನಾನು ಕೇಳಿದ ದನಿಗೆ ಸಿಪ್ಪೆ ಹೆರೆಯುತ್ತಿದ್ದ ಹೆಂಗಸರೆಲ್ಲ ಕತ್ತಿ ನಿಲ್ಲಿಸಿ ನೋಡಿದರು. ಚನ್ನಬಸಪ್ಪ ಡ್ರಮ್ಮು ತೂಗಲು ಇನ್ನೊಂದು ತಕ್ಕಡಿ ತರಿಸಿದರು.

ತೊಟ್ಟಿ ತುಂಬಿದ್ದಾಗ ಎಲ್ಲವೂ ಸರಿಯಿತ್ತು. ಹಾಲು ತಳದ ಹತ್ತಿರಕ್ಕೆ ಇಳಿಯುತ್ತಿದ್ದಂತೆ, ಪಂಪಿಗೆ ಹೋಗುವ ಪೈಪಿನ ಬಾಯಿಯ ಬಳಿ ಸುಳಿ ಎದ್ದಿತು. ಸುಳಿಯ ನಡುವಿನ ತೂತಿನಿಂದ ಪಂಪು ಗೊರಗೊರ ಎಂದು ಗಾಳಿ ಎಳೆಯತೊಡಗಿತು. ಮೀಟರಿನ ಅಂಕಿ ಜ್ವರ ಬಂದವರಂತೆ ನಡುಗಿ ಕೆಳಗಿಳಿಯಿತು. ಕೊಳವೆ ಅಲುಗಿಸಲು ಅದು ತಿನ್ನುವ ಕರೆಂಟು ಏರಿತು. ಪೈಪಿನ ತುದಿಯಲ್ಲಿ ಡ್ರಮ್ಮಿಗೆ ನೊರೆ ನೊರೆಯಾಗಿ ಹಾಲು ಬಿತ್ತು.

ಚನ್ನಬಸಪ್ಪನವರೇ ಡ್ರಮ್ಮುಗಳನ್ನು ತೂಗಿದರು. ನಂಬದೆ ಮತ್ತೆ ತೂಗಿದರು. ತೊಟ್ಟಿಯಿಂದ ಹೋದದ್ದು ಅಷ್ಟೂ ಡ್ರಮ್ಮಿನಲ್ಲಿತ್ತು. ಕಡಿಮೆ ಇದ್ದದ್ದು ಮೀಟರಿನಲ್ಲಿ ಮಾತ್ರ.

“ಯಾರೂ ಕದ್ದಿಲ್ಲ,” ಅಂದೆ. “ತೊಟ್ಟಿ ತಳ ಕಾಣೋಕೆ ಮುಂಚೆನೇ ಪಂಪ್ ನಿಲ್ಲಿಸಿ. ಬಾಯಿಗೆ ಸುಳಿ ಏಳದ ಹಾಗೆ ಅಡ್ಡ ತಗಡು ಕೂರಿಸಿ. ಮೀಟರಿನ ಆಚೆ ವಾಲ್ವ್ ಸ್ವಲ್ಪ ಬಿಗಿ ಮಾಡಿದ್ರೆ, ಉಳಿದ ಗುಳ್ಳೆ ಒತ್ತಡಕ್ಕೆ ಸಣ್ಣದಾಗುತ್ತೆ.”

ಚನ್ನಬಸಪ್ಪ ಡ್ರಮ್ಮಿನ ಮುಚ್ಚಳ ಹಾಕಿದರು. ಆಮೇಲೆ ಗೇಟಿಗೆ ಹೋಗಿ ಕೂಗಿದರು: “ಲೋಕೇಶಾ, ಬಾರಪ್ಪ. ಎಲ್ಲಾ ಗಾಳಿ ಮಾಡಿದ್ದಂತೆ. ಪಂಪು ಆನ್ ಮಾಡು.”

ಲೋಕೇಶ ಮೋರಿಯಿಂದ ಏಳಲಿಲ್ಲ. ಎರಡು ದಿನದಲ್ಲಿ ಅವನ ದನಿ ನಾನು ಮೊದಲ ಸಲ ಕೇಳಿದ್ದು ಆಗಲೇ.

“ಗಾಳಿ ಬಂದು ನನ್ನ ಕಳ್ಳ ಅನ್ನಲಿಲ್ಲ ಯಜಮಾನ್ರೇ. ನೀವಂದ್ರಿ. ಎಲ್ರ ಮುಂದೆ ಅಂದ್ರಿ.”

ಸಾವಿತ್ರಿ ಒಳಗೆ ಹೋಗಿ ಕಾಯಿ ತುರಿಯುವ ಯಂತ್ರದ ಸ್ವಿಚ್ಚು ಆರಿಸಿದಳು. ಗದ್ದಲ ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಗೇಟಿಗೆ ಬಂದರು. ಚನ್ನಬಸಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ನನ್ನ ಕಡೆ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ.

“ತಪ್ಪಾಯ್ತು ಕಣಪ್ಪ,” ಅಂದರು. “ನೀನು ಏನೂ ಕದ್ದಿಲ್ಲ. ಸುಮ್ಸುಮ್ನೆ ಅಂದ್ಬುಟ್ಟೆ.”

ಲೋಕೇಶ ಎದ್ದು ಪಂಚೆ ಕೊಡವಿಕೊಂಡ. “ಆಯ್ತು. ಊಟ ಮಾಡ್ಕಂಡು ಬತ್ತೀನಿ,” ಎಂದು ಊರ ಕಡೆ ನಡೆದ. ಪಂಪು, ತೊಟ್ಟಿ, ಹಾಲು, ಯಜಮಾನರು, ಎಲ್ಲರೂ ಕಾಯಬೇಕಾಯಿತು.

ನಾನು ಆಟೋ ಹತ್ತಿದಾಗ ಬಿಸಿಲು ನೆತ್ತಿಯ ಮೇಲಿತ್ತು. ತೆಂಗಿನ ತೋಟಗಳ ನಡುವಿನ ರಸ್ತೆಯಲ್ಲಿ ಅವನು ಸಿಕ್ಕಿದ. ಆಟೋ ನಿಲ್ಲಿಸಿ, “ಬನ್ನಿ ಲೋಕೇಶ್, ಊರಿನ ತನಕ ಬಿಡ್ತೀನಿ,” ಅಂದೆ.

“ಬ್ಯಾಡ ಮೇಡಂ,” ಅಂದ. “ನಿನ್ನೆ ಮೊಕ ಮುಚ್ಕಂಡು ಹಿಂದಿನ ದಾರೀಲಿ ಹೋಗಿದ್ದೆ. ಇವತ್ತು ಊರೊಳಗಿಂದ ನಡ್ಕಂಡೇ ಹೋಯ್ತೀನಿ. ಎಲ್ರೂ ನೋಡ್ಲಿ.”

ಆಟೋ ಮುಂದೆ ಹೋಯಿತು. ತಿರುಗಿ ನೋಡಿದೆ. ಪಕ್ಕದಲ್ಲೇ ಮರಗಳ ನೆರಳಿದ್ದರೂ ಅವನು ರಸ್ತೆಯ ನಟ್ಟನಡುವೆ, ಬಿಸಿಲಿನಲ್ಲಿ, ನಿಧಾನವಾಗಿ ಬರುತ್ತಿದ್ದ.