ತಪೇಲಿಯ ತಳ

ಗಡಹಿಂಗ್ಲಜದ ಬಾಳಕ್ಕನನ್ನು ಊರವರು ಮದುವೆಮನೆಗೆ ಕರೆಯುತ್ತಿದ್ದುದೇ ಕಟ್ಟಿನ ಸಾರು ಮಾಡಲಿಕ್ಕೆ. ಗಂಡ ತೀರಿದ ಮೇಲೆ ಆಕೆಗೆ ಉಳಿದದ್ದು ಆ ಹೆಸರು ಮತ್ತು ಮಗಳು ಮಂಗಲೆ. ಮಂಗಲೆಯನ್ನು ಇಚಲಕರಂಜಿಯ ಮಗ್ಗದ ಮನೆಗೆ ಕೊಟ್ಟು ಕೆಲವು ವರ್ಷವಾಗಿದ್ದರೂ ಮಡಿಲು ತುಂಬಿರಲಿಲ್ಲ. ಬೀಗಿತಿ ಚಂಪಾಬಾಯಿ ಅದನ್ನು ಎಂದೂ ಬಾಯಿಬಿಟ್ಟು ಆಡಿದವಳಲ್ಲ. ಸೊಸೆ ಎದುರು ಬಂದಾಗ ಹೊಟ್ಟೆಯ ಕಡೆ ಒಮ್ಮೆ ನೋಡುತ್ತಿದ್ದಳು, ಅಷ್ಟೆ.

ಯುದ್ಧದ ಕಾಲ. ತವರ ಸಿಗದೆ, ತಾಮ್ರದ ಪಾತ್ರೆಗಳ ಒಳಗೆ ಬಿಳಿಯ ಕಲಾಯಿ ಹಾಕುವವನು ಊರಿಗೆ ಬರುವುದನ್ನೇ ಬಿಟ್ಟಿದ್ದ. ಒಂದು ಭಾನುವಾರ ಬೀಗರು ಬರುತ್ತಾರೆಂದು ಬಾಳಕ್ಕ ಹೊತ್ತು ಹುಟ್ಟುತ್ತಲೇ ಹುಣಸೆಹಣ್ಣು ಹಿಂಡಿ, ದೊಡ್ಡ ತಾಮ್ರದ ತಪೇಲಿಯಲ್ಲಿ ಸಾರು ಕುದಿಸಿದಳು. ಅವರು ಕೊಲ್ಹಾಪುರದಲ್ಲಿ ಹತ್ತಿದ ಮೋಟಾರು ದಾರಿಯಲ್ಲಿ ಕೆಟ್ಟು ನಿಂತಿತು. ಊಟಕ್ಕೆ ಕೂತಾಗ ಮಧ್ಯಾಹ್ನ ಇಳಿದಿತ್ತು. ಸಾರು ಅಷ್ಟೂ ಹೊತ್ತು ತಪೇಲಿಯಲ್ಲೇ ಇತ್ತು. ನಿಂತಷ್ಟೂ ರುಚಿ ಎಂಬುದು ಬಾಳಕ್ಕನ ಮಾತು.

ಚಂಪಾಬಾಯಿಗೆ ಭಾನುವಾರ ಉಪ್ಪು ಬಿಡುವ ನೇಮ. ಸಾರು ಮುಟ್ಟದೆ ಹೋಳಿಗೆ, ಹಾಲು ಉಂಡಳು. ಅಳಿಯ ಕುಂಥುನಾಥ ಮೂರು ವಾಟಿ ಸಾರು ಕುಡಿದ. ಒಂದು ವಾಟಿ ಕುಡಿದ ಮಂಗಲೆ, ಎಲೆ-ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಬಚ್ಚಲಿಗೆ ಓಡಿ ಕಾರಿದಳು.

ಚಂಪಾಬಾಯಿಯ ಮುಖ ಅರಳಿತು. “ನಾ ಹೇಳಲಿಲ್ಲೇನ್ರಿ ಬಾಳಕ್ಕಾರ, ಈ ವರ್ಷ ಆಗತೈತಿ ಅಂತ!”

“ಹೌದ್ರಿ” ಎಂದಳು ಬಾಳಕ್ಕ. ಆಕೆಗೂ ಅದೇ ಬೇಕಿತ್ತು.

“ಬಸರಿ ಬಾಯಿಗೆ ಹುಳಿ ಬೇಕ ನೋಡ್ರಿ.” ಚಂಪಾಬಾಯಿ ತಾನೇ ಎದ್ದು ಇನ್ನೊಂದು ವಾಟಿ ಸಾರು ತುಂಬಿ ಸೊಸೆಯ ಕೈಗಿಟ್ಟಳು.

ಆಗ ಪಡಸಾಲೆಯಲ್ಲಿ ಕುಂಥುನಾಥ ಹೊಟ್ಟೆ ಹಿಡಿದುಕೊಂಡು ಬಾಗಿದ. “ಅವ್ವಾ, ಬಾಯಾಗ ತಾಮ್ರದ ದುಡ್ಡ ಇಟ್ಕೊಂಡಂಗ ಆಗೇತಿ” ಎಂದವನೇ ಅಂಗಳಕ್ಕೆ ಓಡಿ ಕಾರಿದ.

“ದೃಷ್ಟಿ” ಎಂದಳು ಚಂಪಾಬಾಯಿ. “ಮೂರ ವಾಟಿ ಕುಡದದ್ದ ಯಾರೋ ನೋಡ್ಯಾರ.”

ಬಾಳಕ್ಕ ಸೌಟಿನಿಂದ ಸಾರನ್ನು ಒಂದು ಕಡೆ ಸರಿಸಿ ತಪೇಲಿಯ ತಳ ನೋಡಿದಳು. ಕಲಾಯಿ ಹೋಗಿ ಅಂಗೈಯಗಲ ತಾಮ್ರ ಕೆಂಪಗೆ ಕಾಣುತ್ತಿತ್ತು. ಬೆಳಗಿನಿಂದ ಹುಳಿ ಅದರ ಮೇಲೇ ನಿಂತಿತ್ತು. ಸುಮ್ಮನಿದ್ದರೆ ಸಾರಿನ ಹೆಸರು ಉಳಿಯುತ್ತಿತ್ತು, ಬೀಗಿತಿಯ ಮುಖವೂ ಅರಳಿಯೇ ಇರುತ್ತಿತ್ತು. ಮಂಗಲೆ ವಾಟಿಯನ್ನು ತುಟಿಗೆ ತಂದಿದ್ದಳು.

ಬಾಳಕ್ಕ ವಾಟಿ ಕಸಿದುಕೊಂಡಳು. “ಆಕಿ ಬಸರಿ ಅಂದ್ರ ಅಳಿಯಂದ್ರೂ ಬಸರೇನ್ರಿ? ಇದು ನನ್ನ ತಪೇಲಿ ಕೆಲಸ.”

ಚಂಪಾಬಾಯಿ ಬಗ್ಗಿ ತಪೇಲಿಯೊಳಗೆ ನೋಡಿದಳು. “ಇಬ್ಬರಿಗೂ ಬ್ಯಾರೆ ಬ್ಯಾರೆ ಇರಬೌದಲ್ರಿ?”

“ಇರಬೌದ್ರಿ. ಸಾರು ಒಂದ ಐತಿ.”

ಸಾರನ್ನು ಎಮ್ಮೆಗೂ ಹಾಕದೆ ತಿಪ್ಪೆಗೆ ಸುರಿದು ಮಣ್ಣು ಮುಚ್ಚಿದಳು. ಕಾಯಿಸಿ ಆರಿಸಿದ ನೀರು ಜೈನರ ಮನೆಯಲ್ಲಿ ಸದಾ ಇರುತ್ತದೆ. ಅದಕ್ಕೆ ಚಿಟಿಕೆ ಉಪ್ಪು, ಬೆಲ್ಲ ಕದಡಿ ಇಬ್ಬರಿಗೂ ಚಮಚ ಚಮಚವಾಗಿ ಕುಡಿಸಿದಳು. ಕಾರಿದರೆ ತುಸು ತಡೆದು ಮತ್ತೆ ಕುಡಿಸಿದಳು. ಗಂಟಲಿಗೆ ಸಿಕ್ಕಬಾರದೆಂದು ಮಗ್ಗುಲಾಗಿ ಮಲಗಿಸಿದಳು. ಚಂಪಾಬಾಯಿ ಕಾಸಿ ತಂದ ಓಮಿನ ಕಷಾಯವನ್ನು ಕೊಡಲು ಬಿಡಲಿಲ್ಲ. ಅದನ್ನು ಚಂಪಾಬಾಯಿಯೇ ಕುಡಿದಳು.

“ಹೊತ್ತ ಮುಳಗಾಕತ್ತೈತ್ರಿ. ಇನ್ನ ನೀರ ಕುಡಸಬಾರದು” ಎಂದಳು ಚಂಪಾಬಾಯಿ. ಹೊತ್ತು ಮುಳುಗಿದ ಮೇಲೆ ನೀರನ್ನೂ ಬಾಯಿಗಿಡದ ನೇಮ ಜೈನರದು.

“ನಾ ಹೊತ್ತ ನೋಡಾಕತ್ತಿಲ್ರಿ, ಇವರ ಕಣ್ಣ ನೋಡಾಕತ್ತೇನಿ. ಕಣ್ಣ ಒಳಗ ಹೋದ್ರ, ಉಚ್ಚಿ ನಿಂತ್ರ, ಗಾಡಿ ಕಟ್ಟಿ ಡಾಕ್ಟರ ಕಡೆ ಒಯ್ಯೂದ.”

ಮಂಗಲೆ ಮೊದಲು ಚೇತರಿಸಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಕುಂಥುನಾಥ ಎದ್ದು ಹಿತ್ತಲಿಗೆ ಹೋಗಿ ಬಂದ. ಒಬ್ಬ ಗಂಡಸು ಹಿತ್ತಲಿಗೆ ಹೋಗಿ ಬಂದದ್ದಕ್ಕೆ ಮೂವರು ಹೆಂಗಸರು ದೇವರಿಗೆ ಕೈಮುಗಿದದ್ದು ಆ ಮನೆಯಲ್ಲಿ ಅದೇ ಮೊದಲು.

ಸಾರಿನ ಹೆಸರು ಹೋಯಿತು. ಚಂಪಾಬಾಯಿ ಮುಂದೆ ಬಂದಾಗಲೆಲ್ಲ ಹೋಳಿಗೆ, ಹಾಲು ಉಂಡಳು, ಸೋಮವಾರವೂ.

ಉಳಿದದ್ದನ್ನು ಬಾಳಕ್ಕನಿಗೆ ಮಗಳು ಹೇಳಿದಳು. ಮರುವರ್ಷದ ಮಳೆಗಾಲದಲ್ಲಿ, ಇಚಲಕರಂಜಿಯಲ್ಲಿ, ಮಂಗಲೆ ಬೆಳಗಿನ ಹೊತ್ತು ಕಾರಿದಳು. ಚಂಪಾಬಾಯಿ ಅಡುಗೆಮನೆಗೆ ಹೋಗಿ, ಒಂದೊಂದೇ ಪಾತ್ರೆಯನ್ನು ಬೆಳಕಿಗೆ ಹಿಡಿದು ತಳ ನೋಡಿದಳು. ಎಲ್ಲವೂ ಬೆಳ್ಳಗಿದ್ದವು.

ಆಮೇಲೆ ಸಕ್ಕರೆ ಹಂಚಿದಳು.