ಎರಡಲ್ಲ, ಮೂರು ಸಲ

ಐರ್ಲೆಂಡಿನಿಂದ ಬಂದ ಒಂದೇ ಒಂದು ಇಮೇಲ್‌ನಿಂದಾಗಿ ಪುಣೆಯ ವಿಮಾನ ನಗರದ ನಮ್ಮ ಫ್ಲಾಟಿನಲ್ಲಿ ಕ್ಲಾರಿನೆಟ್ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿತ್ತು. ತಪ್ಪು ಐರ್ಲೆಂಡಿನದಲ್ಲ. ನನ್ನದು.

ಕ್ಲಾರಿನೆಟ್ ನುಡಿಸುವವರು ನನ್ನ ಮಾವ, ಗಂಡನ ಅಪ್ಪ. ಪುಣೆಯ ಮದುವೆ ಬ್ಯಾಂಡಿನಲ್ಲಿ ಬದುಕಿಡೀ ಊದಿದವರು. (ಕೆಂಪು ಕೋಟು, ಬಿಳಿ ಪ್ಯಾಂಟು, ಭುಜದ ಮೇಲೆ ಜರಿಯ ಕುಚ್ಚು. ಫೋಟೋ ಇದೆ, ಮನೆಗೆ ಬಂದರೆ ತೋರಿಸುತ್ತೇನೆ.) ಈಗಲೂ ಬೆಳಗಿನ ಚಹಾ ಆದ ಮೇಲೆ ಬಾಲ್ಕನಿಯಲ್ಲಿ ಅರ್ಧ ಗಂಟೆ ಊದುತ್ತಾರೆ. ಅವರ ಬ್ಯಾಂಡಿನಲ್ಲಿ ‘ನಾಲ್ಕನೇ ನಂಬರ್’ ಅಂತ ಕರೆಯುತ್ತಿದ್ದ ಒಂದು ಟ್ಯೂನ್ ಇದೆ. ಕೇಳಿದರೆ ಕಾಲು ತಾನಾಗಿ ಕುಣಿಯುತ್ತದೆ. ಅದನ್ನು ವಿಡಿಯೋ ಮಾಡಿ ಇಂಟರ್‌ನೆಟ್ಟಿಗೆ ಹಾಕಿ ಮರೆತಿದ್ದೆ.

ಹೋದ ತಿಂಗಳು ಐರ್ಲೆಂಡಿನ ಒಬ್ಬ ನಿವೃತ್ತ ಮೇಷ್ಟರು ಬರೆದರು. ಅದು ಅವರ ದೇಶದ ಹಳೆಯ ಹಾರ್ನ್‌ಪೈಪ್ ಅಂತೆ, ಅಂದರೆ ಅಲ್ಲಿನ ಒಂದು ಬಗೆಯ ಕುಣಿತದ ಟ್ಯೂನ್. ಅದನ್ನು ಯಾರ್ಯಾರು ರೆಕಾರ್ಡ್ ಮಾಡಿದ್ದಾರೆ, ಯಾರ್ಯಾರು ಸ್ವರ ಬರೆದಿಟ್ಟಿದ್ದಾರೆ ಅಂತ ಹುಡುಕಿ ಪಟ್ಟಿ ಮಾಡುವುದು ಅವರ ಹವ್ಯಾಸ. (ಬೇರೆ ಕೆಲಸ ಇಲ್ಲವಾ ಅನ್ನಬೇಡಿ. ನಾವು ಮೊಬೈಲಿನಲ್ಲಿ ಕಳೆಯುವ ಹೊತ್ತೇನು ದೇಶಸೇವೆಯೇ?) ಟ್ಯೂನಿಗೆ ಎರಡು ಭಾಗ. ಎಲ್ಲರೂ ಒಂದೊಂದನ್ನು ಎರಡೆರಡು ಸಲ ನುಡಿಸುತ್ತಾರೆ. ನಿಮ್ಮ ಮಾವ ಎರಡನೆಯದನ್ನು ಮೂರು ಸಲ ನುಡಿಸಿದ್ದಾರೆ, ಯಾಕೆ? ಇಷ್ಟೇ ಅವರ ಪ್ರಶ್ನೆ.

ನಾನೇನು ಮಾಡಿದೆ? ವಯಸ್ಸಾಗಿದೆ, ಲೆಕ್ಕ ತಪ್ಪಿರಬೇಕು, ಸಾರಿ ಅಂತ ಉತ್ತರ ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ಮೂರನೇ ಸುತ್ತನ್ನು ಕತ್ತರಿಸಿ ವಿಡಿಯೋವನ್ನು ಮತ್ತೆ ಹಾಕಿದೆ. ಊಟದ ಹೊತ್ತಿಗೆ ಮಾವನವರಿಗೆ ಹೇಳಿಯೂ ಬಿಟ್ಟೆ, ಎಲ್ಲಾ ಫಿಕ್ಸ್ ಮಾಡಿದ್ದೀನಿ ಅಂತ. ಎಂಥಾ ಬುದ್ಧಿವಂತೆ ನೋಡಿ.

ಅವರು ಊಟ ಮುಗಿಸಿ ಎದ್ದರು. ಕ್ಲಾರಿನೆಟ್ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಮರುದಿನ ಬಾಲ್ಕನಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಪಕ್ಕದ ಮನೆಯ ಮರಾಠಿ ಕಾಕು ಬಂದು ಅವರ ತಬ್ಯೇತು, ಅಂದರೆ ಆರೋಗ್ಯ, ವಿಚಾರಿಸಿದರು. ಗಂಟಲು ನೋವು ಅಂತ ಸುಳ್ಳು ಹೇಳಿದೆ. ನಾಲ್ಕನೇ ದಿನ ತಡೆಯಲಾಗದೆ ಅವರ ಪಕ್ಕ ಕೂತು, ಯಾಕೆ ಮೂರು ಸಲ ಅಂತ ಕೇಳಿದೆ.

ಎದ್ದು ಹೋಗಿ ಕಪಾಟಿನಿಂದ ಒಂದು ಉದ್ದನೆಯ ವಹಿ, ಅಂದರೆ ಹಳೆಯ ನೋಟ್‌ಬುಕ್, ತಂದರು. ಅವರಿಗೆ ಕಲಿಸಿದ ಬ್ಯಾಂಡ್ ಮಾಸ್ತರ್ ವಿಠ್ಠಪ್ಪನವರದು. ಯಾವುದೋ ಮಿಲಿಟರಿ ಬ್ಯಾಂಡಿನವರು ನುಡಿಸಿದ್ದನ್ನು ಕೇಳಿ, ಕನ್ನಡದಲ್ಲಿ ಸರಿಗಮ ಹಾಕಿ ಬರೆದುಕೊಂಡಿದ್ದರಂತೆ. ಎರಡನೇ ಭಾಗದ ಪಕ್ಕದಲ್ಲಿ ‘೩’ ಅಂತ ಇತ್ತು. ಅದರ ಕೆಳಗೆ ‘ಕುದುರೆ’.

“ಹಳೇ ಪುಣೆ ಪೇಠದ ಓಣಿ ಭಾಳ ಸಣ್ಣವು,” ಅಂದರು ಮಾವ. “ಮದುಮಗನ ಕುದರಿ ಮೂಲ್ಯಾಗ ತಿರಗೂದರಾಗ ಟ್ಯೂನ್ ಮುಗೀತಂದ್ರ ಅದು ಅಲ್ಲೇ ನಿಂತುಬಿಡತಿತ್ತು. ಅದಕ್ಕ ಮಾಸ್ತರು ಇನ್ನೊಂದ್ ಸುತ್ತು ಹಚ್ಚಿದ್ರು. ತಪ್ಪಲ್ಲವ್ವಾ ಅದು.”

ನನಗೆ ನಾಚಿಕೆಯಾಯಿತು. ಅವತ್ತೇ ಹಳೆಯ ವಿಡಿಯೋ ಮತ್ತೆ ಹಾಕಿ, ವಹಿಯ ಪುಟದ ಫೋಟೋ ತೆಗೆದು, ಕುದುರೆಯ ಕಥೆಯನ್ನೂ ಬರೆದು ಐರ್ಲೆಂಡಿಗೆ ಕಳಿಸಿದೆ. ಕಳಿಸುವ ಮೊದಲು ಮಾವ ಒಂದೇ ಮಾತು ಹೇಳಿದ್ದರು: “ಮಾಸ್ತರ ಹೆಸರು ಮೊದಲ ಹಾಕು. ನಂದು ಆಮ್ಯಾಲ.”

ಹಾಗೇ ಆಗಿದೆ. ಮೇಷ್ಟರ ಪಟ್ಟಿಯಲ್ಲಿ ಅಲ್ಲಿನ ಪಿಟೀಲುಗಾರರು, ಕೊಳಲಿನವರು, ಹಳೆಯ ಗ್ರಾಮಫೋನ್ ಪ್ಲೇಟುಗಳ ನಡುವೆ ಈಗ ನಮ್ಮದೂ ಒಂದು ಸಾಲು. ವಿಠ್ಠಪ್ಪ ಮಾಸ್ತರ್, ಆಮೇಲೆ ಮಾವನ ಹೆಸರು, ಮದುವೆ ಬ್ಯಾಂಡ್, ಪುಣೆ. ಎರಡನೇ ಭಾಗ ಮೂರು ಸಲ, ಕುದುರೆ ತಿರುಗಲು. ಆ ಇಡೀ ಪಟ್ಟಿಯಲ್ಲಿ ಕನ್ನಡ ಅಕ್ಷರದಲ್ಲಿರುವ ಸ್ವರಲಿಪಿ ಅದೊಂದೇ. ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಆಫೀಸಿನ ಗ್ರೂಪಿಗೂ ಹಾಕಿದೆ, ಈಗ ನಿಮಗೂ ಹೇಳುತ್ತಿದ್ದೇನೆ. ಜಂಬ ಅಂದರೆ ಜಂಬವೇ. ಬಾಲ್ಕನಿಯಲ್ಲಿ ಮತ್ತೆ ನಾಲ್ಕನೇ ನಂಬರ್ ಶುರುವಾಗಿದೆ.

ಆದರೂ ಒಂದು ಮಾತು ಚುಚ್ಚುತ್ತಲೇ ಇದೆ. ಸಮುದ್ರದಾಚೆಯ ಆ ಅಪರಿಚಿತ ಮೇಷ್ಟರಿಗೆ ‘ಯಾಕೆ’ ಅಂತ ಕೇಳಬೇಕು ಅನ್ನಿಸಿತು. ಹನ್ನೆರಡು ವರ್ಷ ಅದೇ ಟ್ಯೂನ್ ಕೇಳುತ್ತಾ ಒಗ್ಗರಣೆ ಹಾಕಿದ ನನಗೆ ಕತ್ತರಿ ಹಾಕಬೇಕು ಅಂತ ಮಾತ್ರ ಯಾಕೆ ಅನ್ನಿಸಿತು?